ಅಪ್ಪ ಆಡುವ ಚೆಸ್‌ಗೂ ಮಗಳು ಆಡುವ ಚೆಸ್‌ಗೂ ತಾಳಮೇಳವೇ ಇಲ್ಲ, ಯಾರದು ಸರಿ?

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ನನಗೆ ಚೆಸ್ ಅಷ್ಟಾಗಿ ಬರಲ್ಲ, ಆದರೆ ನಮ್ಮನೆಯಲ್ಲಿ ಈಗ ಅದರದ್ದೇ ಜಗಳ. ಮಗಳಿಗೆ ಹತ್ತು ವರ್ಷ. ಮೊಬೈಲಿನಲ್ಲಿ ಕಲಿತು ಈಗ ಕ್ಲಾಸಿಗೂ ಹೋಗುತ್ತಾಳೆ. ರಜೆಗೆ ಊರಿಗೆ ಹೋದಾಗ ನಮ್ಮಪ್ಪನ ಜೊತೆ ಆಡಲು ಕೂತಳು.

ಅಪ್ಪ ಸೈನಿಕನನ್ನು ಒಂದೊಂದೇ ಮನೆ ನಡೆಸುತ್ತಾರೆ. ಇವಳು ಮೊದಲ ನಡೆಗೇ ಎರಡು ಮನೆ ಹಾರಿಸಿದಳು. "ಇದ್ಯಾವ ಊರಿನ ಆಟ?" ಅಂದರು. ಸರಿ, ಮೊಮ್ಮಗಳ ಮಾತಿಗೆ ಒಪ್ಪಿ ತಾವೂ ಒಂದು ಸೈನಿಕನನ್ನು ಎರಡು ಮನೆ ಮುಂದೆ ಬಿಟ್ಟರು, ಅವಳು ಪಕ್ಕದ ಸಾಲಿನಿಂದ ಬಂದು ಅದನ್ನೇ ಕಡಿದುಹಾಕಿದಳು, ಅದೂ ಅದು ನಿಂತ ಮನೆಗೆ ಹೋಗದೆ ಹಿಂದಿನ ಖಾಲಿ ಮನೆಗೆ ಹೋಗಿ! ಅಪ್ಪನಿಗೆ ಮೈಯೆಲ್ಲ ಉರಿ. ಆಮೇಲೆ ಅವರು ರಾಜನನ್ನು ಕುದುರೆ ಹಾಗೆ ಎಗರಿಸಿದರು, ಇವಳು "ತಾತ ಮೋಸ" ಅಂತ ಎದ್ದು ನಿಂತಳು.

ಕೊನೆಗೆ ಇವಳ ಹತ್ತಿರ ಬರೀ ರಾಜ, ಅಪ್ಪನ ಹತ್ತಿರ ಮಂತ್ರಿ ಮತ್ತು ಒಂದು ಸೈನಿಕ. ರಾಜನಿಗೆ ಚೆಕ್ (ಎದುರಾಳಿ ಕಾಯಿಯ ಏಟು) ಇಲ್ಲ, ಆದರೆ ಅಲ್ಲಾಡಲು ಜಾಗವೂ ಇಲ್ಲ. ಇವಳು "ಡ್ರಾ" ಅಂತಾಳೆ. ಅಪ್ಪ "ಉಸಿರಾಡೋಕೆ ಜಾಗ ಇಲ್ಲ ಅಂದ್ಮೇಲೆ ಗೆದ್ದಿದ್ದು ನಾನಲ್ವಾ?" ಅಂತಾರೆ. ಯಾರದು ಸರಿ? ಅಪ್ಪ ನಲವತ್ತು ವರ್ಷದಿಂದ ತಪ್ಪಾಗಿ ಆಡುತ್ತಿದ್ದಾರಾ?

ಕುದುರೆನಡೆ:
ದಯವಿಟ್ಟು ನಿಮ್ಮ ತಂದೆಯವರಿಗೆ ತಪ್ಪು ಅಂತ ಹೇಳಬೇಡಿ. ಅವರು ಆಡುತ್ತಿರುವುದು ಬೇರೆ ಆಟ, ಅಷ್ಟೇ. ನಮ್ಮ ದೇಶದ ಹಳೆ ಪದ್ಧತಿಯಲ್ಲಿ ಸೈನಿಕ ಒಂದೇ ಮನೆ ನಡೆಯುತ್ತಿತ್ತು. ಕ್ಯಾಸ್ಲಿಂಗ್ (ರಾಜ ಆನೆಯ ಕಡೆಗೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕದಲ್ಲಿ ನಿಲ್ಲುವ ನಡೆ) ಇರಲಿಲ್ಲ, ಅದರ ಬದಲು ರಾಜನಿಗೆ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಎಗರುವ ಅವಕಾಶ ಇತ್ತು. ಅದೂ ಅಲ್ಲಿಯವರೆಗೆ ಚೆಕ್ ಬಿದ್ದಿರಬಾರದು. ಸೈನಿಕ ಕೊನೆ ಮನೆ ಮುಟ್ಟಿದರೆ ಬೇಕಾದ ಕಾಯಿ ಸಿಗಲ್ಲ, ಯಾವ ಸಾಲಿನಲ್ಲಿ ಹೋದನೋ ಆ ಸಾಲಿನ ಕಾಯಿ. ಕುದುರೆ ಸಾಲಿನಲ್ಲಿ ಹೋದರೆ ಕುದುರೆ. ನಮ್ಮಜ್ಜನೂ ಹೀಗೇ ಆಡುತ್ತಿದ್ದರು. ಊರಿಂದ ಊರಿಗೆ ಸ್ವಲ್ಪ ವ್ಯತ್ಯಾಸ ಇರುತ್ತಿತ್ತು, ಅದಕ್ಕೇ ಮದುವೆ ಮನೆಯಲ್ಲಿ ಬೀಗರ ಕಡೆಯವರ ಜೊತೆ ಆಡಲು ಕೂತರೆ ಆಟಕ್ಕಿಂತ ವಾದವೇ ಜಾಸ್ತಿ.

ಮೀರ್ ಸುಲ್ತಾನ್ ಖಾನ್ ಹೆಸರು ಕೇಳಿದ್ದೀರಾ? ಪಂಜಾಬಿನವರು. ಬೆಳೆದದ್ದು ಇದೇ ಹಳೆ ಪದ್ಧತಿಯಲ್ಲಿ, ಯುರೋಪಿನ ರೂಲ್ ಕಲಿತದ್ದು ದೊಡ್ಡವರಾದ ಮೇಲೆ. ಆದರೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕನನ್ನೂ ಸೋಲಿಸಿದರು. 2024ರಲ್ಲಿ ಫಿಡೆ (ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ) ಅವರಿಗೆ ಮರಣೋತ್ತರವಾಗಿ ಗ್ರ್ಯಾಂಡ್‌ಮಾಸ್ಟರ್ ಗೌರವ ಕೊಟ್ಟಿತು. ಇದನ್ನು ಮಗಳಿಗೆ ಹೇಳಿ, ತಾತನ ಮೇಲಿನ ಸಿಟ್ಟು ಇಳಿಯುತ್ತದೆ.

ಗಡಿಯಾರದ_ಗುಂಡಿ:
ಮೇಲಿನವರು ಹೇಳಿದ್ದು ನಿಜ. ಆದರೆ ಮಗು ಟೂರ್ನಮೆಂಟ್ ಆಡುವುದಾದರೆ ಫಿಡೆ ರೂಲ್ ಗಟ್ಟಿಯಾಗಿ ಗೊತ್ತಿರಲೇಬೇಕು. ನಾನು ಮಕ್ಕಳ ಟೂರ್ನಮೆಂಟ್‌ಗಳಲ್ಲಿ ಓಡಾಡುವವನು, ಅಳುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಪಕ್ಕದಿಂದ ಬಂದು ಕಡಿದದ್ದು ಮೋಸ ಅಲ್ಲ. ಅದರ ಹೆಸರು ಆನ್ ಪಾಸಾನ್, ಫ್ರೆಂಚ್ ಮಾತು, "ದಾಟಿ ಹೋಗುವಾಗ" ಅಂತ. ಯುರೋಪಿನಲ್ಲಿ ಆಟ ಬೇಗ ಸಾಗಲಿ ಅಂತ ಸೈನಿಕನಿಗೆ ಮೊದಲ ನಡೆಗೆ ಎರಡು ಮನೆ ಕೊಟ್ಟರು. ಆಗ ಅವನು ಎದುರಾಳಿ ಸೈನಿಕ ಕಾಯುತ್ತಿದ್ದ ಮನೆಯನ್ನು ಹಾರಿ ತಪ್ಪಿಸಿಕೊಳ್ಳುತ್ತಿದ್ದ. ಹಾಗೆ ತಪ್ಪಿಸಿಕೊಳ್ಳಬಾರದು ಅಂತಲೇ ಈ ರೂಲ್. ಬಿಳಿ ಸೈನಿಕ ಇ5ರಲ್ಲಿದ್ದಾನೆ (ಅಕ್ಷರ ಉದ್ದ ಸಾಲಿಗೆ, ಅಂಕಿ ಅಡ್ಡ ಸಾಲಿಗೆ), ಕಪ್ಪು ಸೈನಿಕ ಡಿ7ರಿಂದ ಡಿ5ಕ್ಕೆ ಬಂದ ಅಂದುಕೊಳ್ಳಿ. ಬಿಳಿಯವನು ಡಿ6ಕ್ಕೆ ಹೋಗಿ ಅವನನ್ನು ಎತ್ತಿಹಾಕಬಹುದು, ಅವನು ಒಂದೇ ಮನೆ ನಡೆದಿದ್ದ ಅನ್ನುವ ಹಾಗೆ. ತಕ್ಷಣದ ನಡೆಯಲ್ಲೇ ಮಾಡಬೇಕು. ಒಂದು ನಡೆ ಬಿಟ್ಟರೆ ಆ ಹಕ್ಕು ಹೋಯಿತು.

ಸ್ಟೇಲ್‌ಮೇಟ್ (ಚೆಕ್ ಇಲ್ಲದೆ, ನಡೆಯಲು ಜಾಗವೂ ಇಲ್ಲದ ಸ್ಥಿತಿ) ಡ್ರಾನೇ, ಮಗಳು ಹೇಳಿದ್ದು ಸರಿ. ಚೆಕ್ ಇರಬೇಕು, ತಪ್ಪಿಸಿಕೊಳ್ಳಲು ದಾರಿ ಇರಬಾರದು, ಆಗ ಮಾತ್ರ ಮೇಟ್, ಅಂದರೆ ಗೆಲುವು. ಆದರೆ ನಿಮ್ಮ ತಂದೆಗೆ ಒಂದು ಸಮಾಧಾನ ಹೇಳಿ. ಇಂಗ್ಲೆಂಡಿನಲ್ಲಿ ಸುಮಾರು ಇನ್ನೂರು ವರ್ಷ, 1800ರ ಆಸುಪಾಸಿನವರೆಗೆ, ಎದುರಾಳಿಯನ್ನು ಸ್ಟೇಲ್‌ಮೇಟ್ ಮಾಡಿದವನೇ ಸೋತ ಹಾಗೆ ಅಂತ ರೂಲ್ ಇತ್ತು. ಅಲ್ಲಿ ಆಡಿದ್ದರೆ ಅವರಿಗೆ ಅರ್ಧ ಪಾಯಿಂಟೂ ಇಲ್ಲ :)

ಇನ್ನೊಂದು, ಮನೆಯಲ್ಲಿ ಎಲ್ಲರೂ ಮಾಡುವ ತಪ್ಪು. ಸೈನಿಕ ಕೊನೆ ಮನೆ ಮುಟ್ಟಿ ಎರಡನೇ ಮಂತ್ರಿ ಬೇಕಾದಾಗ ಆನೆಯನ್ನು ತಲೆಕೆಳಗೆ ಇಡುತ್ತೇವಲ್ಲ, ಟೂರ್ನಮೆಂಟಿನಲ್ಲಿ ಅದು ಮಂತ್ರಿ ಅಲ್ಲ, ಆನೆಯೇ. 2017ರ ಕೆನಡಾ ಚಾಂಪಿಯನ್‌ಶಿಪ್‌ನ ಟೈಬ್ರೇಕ್‌ನಲ್ಲಿ ನಿಕೊಲಾಯ್ ನೊರಿತ್ಸಿನ್ ಅವಸರದಲ್ಲಿ ಮಂತ್ರಿ ಸಿಗದೆ ಆನೆಯನ್ನು ಬೋರಲು ಇಟ್ಟರು. ಆರ್ಬಿಟರ್ (ತೀರ್ಪುಗಾರ) ಬಂದು ಅದು ಆನೆ ಅಂದರು, ಆಟವೂ ಹೋಯಿತು, ಪಟ್ಟವೂ ಹೋಯಿತು. ಮಂತ್ರಿ ಕಾಣದಿದ್ದರೆ ಗಡಿಯಾರ ನಿಲ್ಲಿಸಿ ಆರ್ಬಿಟರ್‌ನನ್ನು ಕರೆಯಬೇಕು. ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಲ್ಲ.

ಬೆಣ್ಣೆದೋಸೆ:
ನನ್ನದೊಂದು ತಲೆಹರಟೆ. ನಮ್ಮನೆಯಲ್ಲಿ ಜಗಳ ರೂಲ್‌ದಲ್ಲ, ಹೆಸರಿನದು. ಮಂತ್ರಿನಾ ರಾಣಿನಾ? ಬಿಷಪ್ ಒಂಟೆನಾ?

ಕುದುರೆನಡೆ:
@ಬೆಣ್ಣೆದೋಸೆ ತಲೆಹರಟೆ ಏನಿಲ್ಲ, ನನಗೆ ಇಷ್ಟವಾದ ವಿಷಯ. ಮಂತ್ರಿಯೇ ಹಳೆಯದು. ಪರ್ಷಿಯಾದಲ್ಲೂ ಅದು ಮಂತ್ರಿಯೇ, ರಷ್ಯನ್ನರು ಇವತ್ತಿಗೂ ಫೆರ್ಜ್ ಅಂತ ಅದೇ ಹೆಸರು ಇಟ್ಟುಕೊಂಡಿದ್ದಾರೆ. ರಾಣಿ ಆದದ್ದು ಯುರೋಪಿಗೆ ಹೋದ ಮೇಲೆ. ಆಗಿನ ಮಂತ್ರಿ ಪಾಪ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಈಗಿನ ದರ್ಬಾರು ಬಂದದ್ದು 15ನೇ ಶತಮಾನದ ಕೊನೆಯ ಹೊತ್ತಿಗೆ.

ಆನೆಯದು ಇನ್ನೂ ಮಜಾ. ಚತುರಂಗ ಅಂದರೆ ಆನೆ, ಕುದುರೆ, ರಥ, ಕಾಲಾಳು. ಮೂಲೆಯಲ್ಲಿ ನಿಲ್ಲುತ್ತಿದ್ದದ್ದು ರಥ, ಬಿಷಪ್ ಜಾಗದಲ್ಲಿ ಆನೆ. ಅರಬ್ಬರು ಅದನ್ನು ಅಲ್ ಫೀಲ್ ಅಂದರು, ಅಂದರೆ ಆನೆ. ಸ್ಪ್ಯಾನಿಷ್‌ನಲ್ಲಿ ಬಿಷಪ್‌ಗೆ ಈಗಲೂ ಅಲ್ಫಿಲ್. ರಷ್ಯನ್ನಲ್ಲೂ ಬಿಷಪ್ ಅಂದರೆ ಆನೆಯೇ. ನಮ್ಮಲ್ಲಿ ಮಾತ್ರ ಆನೆ ಮೂಲೆಗೆ ಹೋಗಿ ನಿಂತಿತು, ಅದರ ಜಾಗಕ್ಕೆ ಒಂಟೆ ಬಂತು. ನಿಮ್ಮನೆಯಲ್ಲಿ ಒಂಟೆ ಅಂತಲೇ ಕರೆಯಿರಿ, ಏನೂ ತಪ್ಪಿಲ್ಲ.

ತೆಂಗಿನತೋಟ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಸುಲ್ತಾನ್ ಖಾನ್ ಕಥೆ ಕೇಳಿ ಖುಷಿಯಾದರು, ಇಂಗ್ಲೆಂಡಿನ ರೂಲ್ ಕೇಳಿ ಫೋನ್ ಅಮ್ಮನ ಕೈಗೆ ಕೊಟ್ಟರು. ಮಗಳದ್ದೊಂದು ಪ್ರಶ್ನೆ ಇದೆ. ಆನೆಯ ಮೇಲೆ ಎದುರಾಳಿಯ ಕಣ್ಣಿದ್ದರೆ ಕ್ಯಾಸ್ಲಿಂಗ್ ಮಾಡಬಹುದಾ? ಕ್ಲಾಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ.

ಗಡಿಯಾರದ_ಗುಂಡಿ:
ಮಾಡಬಹುದು. ರಾಜ ಚೆಕ್‌ನಲ್ಲಿ ಇರಬಾರದು, ಅವನು ದಾಟುವ ಮನೆಗೂ ನಿಲ್ಲುವ ಮನೆಗೂ ಏಟು ಬೀಳುವಂತಿರಬಾರದು. ಆನೆಗೆ ಆ ಕಟ್ಟುಪಾಡು ಇಲ್ಲ. ರಾಜ, ಆ ಆನೆ ಎರಡೂ ಮೊದಲು ನಡೆದಿರಬಾರದು, ನಡುವೆ ಕಾಯಿ ಇರಬಾರದು, ಅದು ಗೊತ್ತೇ ಇದೆ. ಮಗಳಿಗೆ ನಾಚಿಕೆ ಬೇಡ ಅಂತ ಹೇಳಿ. 1974ರಲ್ಲಿ ಕಾರ್ಪೋವ್ ಜೊತೆ ಕ್ಯಾಂಡಿಡೇಟ್ಸ್ ಫೈನಲ್ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರು ಯಾರೆಂದು ತೀರ್ಮಾನಿಸುವ ಪಂದ್ಯ) ಆಡುವಾಗ ವಿಕ್ಟರ್ ಕೊರ್ಚ್‌ನೊಯ್ ಅಂಥವರೇ ಎದ್ದು ಹೋಗಿ ಆರ್ಬಿಟರ್‌ಗೆ ಇದೇ ಪ್ರಶ್ನೆ ಕೇಳಿದ್ದರು. ಮಾಡಬಹುದು ಅಂದರು, ಮಾಡಿದರು, ಆ ಆಟ ಗೆದ್ದರು.

ಒಂದು ಎಚ್ಚರಿಕೆ. ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜನನ್ನು ಎತ್ತಬೇಕು, ಒಂದೇ ಕೈಯಲ್ಲಿ. ಮೊದಲು ಆನೆ ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸ್ಲಿಂಗ್ ಇಲ್ಲ. ಮುಟ್ಟಿದ ಆನೆಯನ್ನೇ ಆಡಬೇಕು.

ತೆಂಗಿನತೋಟ:
ಅಯ್ಯೋ, ಅವಳು ಯಾವಾಗಲೂ ಆನೆಯನ್ನೇ ಮೊದಲು ಎತ್ತೋದು! ಭಾನುವಾರ ಟೂರ್ನಮೆಂಟ್ ಇದೆ, ಈಗಲೇ ಎಬ್ಬಿಸಿ ಹೇಳ್ತೀನಿ.