ದಸರಾ ರಜೆಯ ನಾಲ್ಕು ದಿನ: ಹಂಪಿಯೋ, ಬಾದಾಮಿಯೋ?

ಪ್ರಶ್ನೆ (ಮೈಸೂರಿನ ಗೃಹಿಣಿ)

ಊರೆಲ್ಲ ದಸರಾ ನೋಡಲು ಮೈಸೂರಿಗೆ ಬರುವಾಗ ನಾವು ಮೈಸೂರು ಬಿಟ್ಟು ಹೊರಡುವ ಯೋಚನೆಯಲ್ಲಿದ್ದೇವೆ. ಪ್ರಯಾಣದ ರಾತ್ರಿಗಳನ್ನು ಬಿಟ್ಟು ನಾಲ್ಕು ದಿನಗಳ ಬಿಡುವಿದೆ. ನಾವಿಬ್ಬರು, ಒಂಬತ್ತನೆಯ ತರಗತಿಯ ಮಗಳು, ಜೊತೆಗೆ 72 ವರ್ಷದ ಅತ್ತೆಯವರು. ಮಗಳಿಗೆ ಚಿತ್ರ ಬರೆಯುವ ಹುಚ್ಚು, ಅತ್ತೆಯವರಿಗೆ ಮೊಣಕಾಲು ನೋವು.

ಹೋದ ವರ್ಷ ಮೂರೇ ದಿನಗಳಲ್ಲಿ ಶ್ರವಣಬೆಳಗೊಳ, ಬೇಲೂರು, ಹಳೇಬೀಡು, ಚಿತ್ರದುರ್ಗಗಳನ್ನು ಸುತ್ತಿ ಬಂದೆವು. ಮನೆಗೆ ಬಂದ ಮೇಲೆ ಫೋಟೋ ನೋಡುತ್ತಾ ಮಗಳು ‘ಇದು ಬೇಲೂರೋ ಹಳೇಬೀಡೋ?’ ಎಂದು ಕೇಳಿದಾಗ ನನಗೂ ಉತ್ತರ ತೋಚಲಿಲ್ಲ. ಈ ಸಲ ಒಂದೇ ಕಡೆ ನಿಂತು, ಇತಿಹಾಸ ಮತ್ತು ಕಲೆಯನ್ನು ನಿಧಾನವಾಗಿ ನೋಡಬೇಕೆಂಬ ಆಸೆ. ಹಂಪಿ ಮತ್ತು ಬಾದಾಮಿಗಳಲ್ಲಿ ಯಾವುದನ್ನು ಆರಿಸಿಕೊಳ್ಳುವುದು ಒಳ್ಳೆಯದು?

ಉತ್ತರ 1 (ಬಾಗಲಕೋಟೆಯ ನಿವೃತ್ತ ಶಿಕ್ಷಕ)

ನಾನು ಈ ಸೀಮೆಯವನೇ ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇರಬಹುದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಬಾದಾಮಿಯಲ್ಲಿ ಉಳಿದುಕೊಂಡರೆ ಪಟ್ಟದಕಲ್ಲು ಸುಮಾರು 22 ಕಿ.ಮೀ., ಅಲ್ಲಿಂದ ಮುಂದೆ ಐಹೊಳೆ ಇನ್ನೂ ಹದಿಮೂರು ಹದಿನಾಲ್ಕು ಕಿ.ಮೀ. ಅಷ್ಟೆ. ದಿನಕ್ಕೊಂದು ಊರು ನೋಡಿ ಸಂಜೆ ಅದೇ ಕೋಣೆಗೆ ಮರಳಬಹುದು. ಗಂಟುಮೂಟೆ ಕಟ್ಟುವ, ಬಿಚ್ಚುವ ಕಷ್ಟವಿಲ್ಲ.

ಮಗಳಿಗೆ ಮೂರು ಊರುಗಳನ್ನು ಒಂದೇ ಕಥೆಯಾಗಿ, ಬಾದಾಮಿಯಿಂದ ಆಳಿದ ಚಾಲುಕ್ಯರ ಕಥೆಯಾಗಿ ಹೇಳಿ. ಐಹೊಳೆಯ ಮೇಗುಟಿ ಜಿನಾಲಯದಲ್ಲಿ 634ರ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಅದನ್ನು ರಚಿಸಿದ ರವಿಕೀರ್ತಿ ಕಾಳಿದಾಸ, ಭಾರವಿಯರ ಹೆಸರನ್ನು ಹೇಳಿ ತನ್ನ ಕೀರ್ತಿಯನ್ನು ಅವರ ಜೊತೆಗೆ ತೂಗಿಕೊಳ್ಳುತ್ತಾನೆ. ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಮುಂದೆ ಉತ್ತರದ ದೊರೆ ಹರ್ಷನ ಹರ್ಷವೇ ಭಯದಿಂದ ಕರಗಿತು ಎಂದು ಶ್ಲೇಷೆಯನ್ನೂ ಮಾಡುತ್ತಾನೆ. ಆದರೆ ಇದಾದ ಎಂಟೇ ವರ್ಷಗಳಲ್ಲಿ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಅದರ ಗುರುತಾಗಿ ಅವನ ಶಾಸನ ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ನೂರು ವರ್ಷಗಳ ನಂತರ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಗೆದ್ದ. ಗೆದ್ದರೂ ಅಲ್ಲಿಯ ಕೈಲಾಸನಾಥ ದೇವಾಲಯವನ್ನು ಕೆಡವದೆ, ಅದರ ಸಂಪತ್ತನ್ನು ದೇವರಿಗೇ ಬಿಟ್ಟು, ಆ ಸಂಗತಿಯನ್ನು ಅಲ್ಲಿಯೇ ಕನ್ನಡದಲ್ಲಿ ಕೆತ್ತಿಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಕಟ್ಟಿದವನ ಹೆಸರೂ ಶಾಸನದಲ್ಲಿ ಉಳಿದಿದೆ: ಗುಂಡ ಅನಿವಾರಿತಾಚಾರಿ. ರಾಜನ ಹೆಸರಿನ ಪಕ್ಕದಲ್ಲಿ ಶಿಲ್ಪಿಯ ಹೆಸರು ಕಂಡಾಗ ಚಿತ್ರ ಬರೆಯುವ ಮಗುವಿಗೆ ಏನನ್ನಿಸುತ್ತದೆ ಎಂದು ಗಮನಿಸಿ.

ಅತ್ತೆಯವರ ವಿಷಯ: ಪಟ್ಟದಕಲ್ಲು ಸಮತಟ್ಟಾದ ಹುಲ್ಲುಹಾಸು; ಅವರು ಆರಾಮವಾಗಿ ನಡೆದಾಡಬಹುದು. ಬಾದಾಮಿಯ ನಾಲ್ಕು ಗುಹೆಗಳಿಗೆ ಮಾತ್ರ ಮೆಟ್ಟಿಲು ಹತ್ತಲೇಬೇಕು. ಹದಿನೆಂಟು ತೋಳುಗಳ ನಟರಾಜ ಮೊದಲನೆಯ ಗುಹೆಯ ಪಕ್ಕದಲ್ಲೇ ಇರುವುದರಿಂದ ಅಲ್ಲಿಯವರೆಗೆ ಅವರು ಬರಬಹುದೇನೋ. 578ರ ಶಾಸನವಿರುವ ಮೂರನೆಯ ಗುಹೆಗೆ ನೀವು ಮೂವರು ಹೋಗಿ ಬನ್ನಿ. ಸಂಜೆ ಎಲ್ಲರೂ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕುಳಿತರೆ, ಇಳಿಬಿಸಿಲಿಗೆ ಕೆಂಬಣ್ಣ ಪಡೆಯುವ ಭೂತನಾಥ ದೇವಾಲಯ ಕಾಣುತ್ತದೆ. ತಿಂಡಿಯ ಪೊಟ್ಟಣವನ್ನು ಮಾತ್ರ ಕೈಯಲ್ಲಿ ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ.

ಉತ್ತರ 2 (ಹೊಸಪೇಟೆಯ ಓದುಗ)

ಮೇಷ್ಟರ ಮಾತನ್ನು ತೆಗೆದುಹಾಕುವುದಿಲ್ಲ, ಆದರೆ ಒಂದು ಸಂಗತಿಯನ್ನು ಅವರು ಹೇಳಲಿಲ್ಲ. ಬಾದಾಮಿ ಸೀಮೆಯಲ್ಲಿ ನಿಮಗೆ ಕಾಣಿಸುವುದು ಹೆಚ್ಚಾಗಿ ದೇವಾಲಯಗಳು. ಹಂಪಿಯಲ್ಲಿ ಕಾಣಿಸುವುದು ಒಂದು ನಗರ. ಪೇಟೆಬೀದಿಗಳ ಕಲ್ಲಿನ ಸಾಲುಕಂಬಗಳು, ನೀರು ಹರಿಸಿದ ಕಾಲುವೆಗಳು, ಆನೆಲಾಯ, ಕಮಲ ಮಹಲಿನ ಕಮಾನುಗಳು, ಮಹಾನವಮಿ ದಿಬ್ಬದ ಗೋಡೆಯ ಮೇಲೆ ಕುದುರೆಗಳು, ಬೇಟೆ, ಕುಣಿತ. ಮೈಸೂರಿನವರಾದ ನೀವು ಆಚರಿಸುವ ದಸರೆಯ ಹಿಂದಿನ ರೂಪ ಆ ದಿಬ್ಬದಲ್ಲಿದೆ. ದಸರಾ ರಜೆಯಲ್ಲಿ ಅದನ್ನು ನೋಡುವುದಕ್ಕೆ ಬೇರೆಯೇ ಅರ್ಥವಿದೆ. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆಯೆತ್ತಿ ನೋಡಿದರೆ, ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ವರ್ಣಚಿತ್ರವೂ ಇದೆ.

ಆದರೆ ಹಂಪಿಯ ಸ್ಮಾರಕಗಳು ಬಹಳ ದೂರ ದೂರ ಹರಡಿವೆ. ವಿಜಯ ವಿಠ್ಠಲ ದೇವಾಲಯದವರೆಗೆ ಬ್ಯಾಟರಿ ವಾಹನವಿದ್ದರೂ ಉಳಿದೆಡೆ ಬಿಸಿಲಿನಲ್ಲಿ ನಡೆಯುವುದು ತಪ್ಪುವುದಿಲ್ಲ. ನಿಮ್ಮ ಅತ್ತೆಯವರ ಮೊಣಕಾಲನ್ನು ನೆನೆದರೆ, ಈ ಸಲಕ್ಕೆ ಬಾದಾಮಿಗೇ ನನ್ನ ಮತ.

ಇನ್ನೊಂದು ಸಣ್ಣ ಎಚ್ಚರಿಕೆ. ಶಾಲೆಯಲ್ಲಿ ಕಲಿತ ‘ಐಹೊಳೆ ತೊಟ್ಟಿಲು, ಪಟ್ಟದಕಲ್ಲು ಪರಿಪೂರ್ಣತೆ’ ಎಂಬ ಏಣಿಯನ್ನು ಮಗಳಿಗೆ ಹಾಗೆಯೇ ಹೇಳಿಕೊಡಬೇಡಿ. ಐಹೊಳೆಯ ದುರ್ಗ ದೇವಾಲಯವೂ ಸೇರಿದಂತೆ ಹಲವು ಗುಡಿಗಳು ಪಟ್ಟದಕಲ್ಲಿನವುಗಳ ಆಸುಪಾಸಿನ ಕಾಲದವೇ ಎಂದು ವಿದ್ವಾಂಸರು ಈಗ ಹೇಳುತ್ತಾರೆ. ಆ ‘ದುರ್ಗ’ ಎಂದರೆ ದೇವಿಯಲ್ಲ, ಕೋಟೆ ಎಂಬುದನ್ನೂ ತಿಳಿಸಿ. ಪಟ್ಟದಕಲ್ಲಿನಲ್ಲಿ ಗಳಗನಾಥದ ಬಾಗಿದ ನಾಗರ ಶಿಖರವನ್ನೂ ಸಂಗಮೇಶ್ವರದ ಮೆಟ್ಟಿಲು ಮೆಟ್ಟಿಲಾದ ದ್ರಾವಿಡ ಶಿಖರವನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಲು ಹೇಳಿ. ಬೇಲೂರು ಹಳೇಬೀಡಿನಂತೆ ಅವು ಮತ್ತೆ ಕಲಸಿಹೋಗಲಾರವು.

ಉತ್ತರ 3 (ಹುಬ್ಬಳ್ಳಿಯ ಓದುಗಳು)

ಕಲ್ಲಿನ ಮಾತು ಸಾಕಷ್ಟಾಯಿತು. ಬಾದಾಮಿಗೆ ಐದೇ ಕಿ.ಮೀ. ದೂರದ ಬನಶಂಕರಿಯಲ್ಲಿ, ಹೊಂಡದ ಸುತ್ತ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಖಾರ, ಗಟ್ಟಿ ಮೊಸರು ತಂದು ಬಡಿಸುತ್ತಾರೆ. ಅಲ್ಲಿ ಊಟ ಮಾಡದೆ ಬರಬೇಡಿ. ಹತ್ತಿರದ ಗುಳೇದಗುಡ್ಡ ಖಣ (ರವಿಕೆಯ ಬಟ್ಟೆ) ನೇಯುವ ಊರು. ಮಗಳಿಗೆ ಮಗ್ಗವನ್ನೂ ಖಣದ ಮೇಲಿನ ನೇಯ್ಗೆಯ ಬುಟ್ಟಾಗಳನ್ನೂ ತೋರಿಸಿ, ಅವೂ ಚಿತ್ರಗಳೇ. ಬನದ ಹುಣ್ಣಿಮೆಗೆ ಬರುವುದಾಗಿದ್ದರೆ ಜಾತ್ರೆಯ ನಾಟಕ ಕಂಪನಿಗಳೂ ಸಿಗುತ್ತಿದ್ದವು, ಆದರೆ ಅದು ಜನವರಿಯ ಮಾತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬನಶಂಕರಿಯ ಹೆಸರು ಓದಿ ಹೇಳುತ್ತಿದ್ದಂತೆಯೇ ಅತ್ತೆಯವರು ‘ಮೊದಲು ಟಿಕೆಟ್ ಮಾಡಿಸಿ’ ಎಂದರು. ಗೋಳಗುಮ್ಮಟ ಎಕ್ಸ್‌ಪ್ರೆಸ್‌ನಲ್ಲಿ ಬಾದಾಮಿಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಶುಕ್ರವಾರ ತಲಪುತ್ತೇವೆ, ಆ ದಿನ ದೂರ ಹೋಗದೆ ಬಾದಾಮಿಯ ವಸ್ತು ಸಂಗ್ರಹಾಲಯವನ್ನು ನೋಡಿದರೆ ಹೇಗೆ?

ಉತ್ತರ 1 (ಬಾಗಲಕೋಟೆಯ ನಿವೃತ್ತ ಶಿಕ್ಷಕ)

ಶುಕ್ರವಾರ ಅದಕ್ಕೆ ರಜೆ. ಅಂದು ಬನಶಂಕರಿಗೆ ಹೋಗಿ, ದೇವಿಯ ವಾರವೂ ಆಯಿತು. ಸಂಗ್ರಹಾಲಯವನ್ನು ಶನಿವಾರಕ್ಕೆ ಇಟ್ಟುಕೊಳ್ಳಿ; ಅಲ್ಲಿರುವ ಲಜ್ಜಾಗೌರಿಯ ಶಿಲ್ಪವನ್ನು ತಪ್ಪಿಸಬೇಡಿ. ಸ್ಟೇಶನ್ನಿನಿಂದ ಊರು ಸುಮಾರು ಐದು ಕಿ.ಮೀ. ಇದೆ, ಆಟೋದವರೊಂದಿಗೆ ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡು ಹತ್ತಿರಿ.