ಸಹಾಯ ಬೇಕು: ಪಾರ್ಕಿನ ಶಾಂತ ಕೋಣೆಗೆ ಡಿಜೆ ಸದ್ದು ನುಗ್ಗದಂತೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಯೂಸ್‌ಮೆಂಟ್ ಪಾರ್ಕಿನ ಮಕ್ಕಳ ವಿಭಾಗದಲ್ಲಿ, ಆಟಿಸಂ ಇರುವ ಮಕ್ಕಳು ಮನೆಯವರ ಜೊತೆ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲು 12×15 ಅಡಿಯ ಕೋಣೆ ಸಿದ್ಧವಾಗುತ್ತಿದೆ. 1:12 ಇಳಿಜಾರಿನ ರ‍್ಯಾಂಪ್, ಗಾಲಿಕುರ್ಚಿ ತಿರುಗಲು 1500 ಮಿ.ಮೀ. ಜಾಗ ಎಲ್ಲ ಇದೆ. ತೊಡಕು ಸದ್ದಿನದು.

8 ಮಿ.ಮೀ. ಸಿಮೆಂಟ್ ಬೋರ್ಡಿನ ಗೋಡೆಗೆ ಒಳಗಿನಿಂದ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು), ಮೇಲೆ ಬಟ್ಟೆ ಹೊದಿಸಿದ್ದಾಯಿತು. ಒಳಗಿನ ಮಾರ್ದನಿ ಇಳಿಯಿತು, ಹೊರಗಿನ ಡಿಜೆಯ ಗುಂಯ್ ಮಾತ್ರ ಹಾಗೇ ಇದೆ. ಅದು ಸಹಜವೇ: ರಾಕ್‌ವೂಲ್ ಮಾರ್ದನಿ ಹೀರುತ್ತದೆ ಅಷ್ಟೇ, ಬೇಸ್ (ಆ ಗುಂಯ್ ಎನ್ನುವ ತಗ್ಗು ಸದ್ದು) ತಡೆಯಲು ಗೋಡೆಗೆ ತೂಕ ಬೇಕು, ಸಂದಿ ಮುಚ್ಚಬೇಕು. ಬಾಗಿಲ ಕೆಳಗೆ 10 ಮಿ.ಮೀ. ಸಂದಿ ಇದೆ, ಗಾಲಿ ಸಿಕ್ಕಿಕೊಳ್ಳುವುದರಿಂದ ಹೊಸ್ತಿಲು ಕಟ್ಟುವಂತಿಲ್ಲ. ಬಾಗಿಲು ಹಾಕಿದಾಗ ತಾನಾಗಿ ಕೆಳಗಿಳಿಯುವ ಡ್ರಾಪ್ ಸೀಲ್ ಹಾಕಿಸಿದವರಿದ್ದೀರಾ? ಮಣ್ಣು-ಧೂಳಿಗೆ ಅದರ ರಬ್ಬರು ಎಷ್ಟು ದಿನ ತಾಳುತ್ತದೆ? ಗೋಡೆಗೆ 12 ಮಿ.ಮೀ. ಜಿಪ್ಸಮ್ ಬೋರ್ಡ್ ಎರಡು ಪದರ ಸಾಕೇ, ಇಲ್ಲಾ 6 ಇಂಚಿನ ಸಿಮೆಂಟ್ ಬ್ಲಾಕೇ ಕಟ್ಟಿಸಬೇಕೇ?

ಇನ್ನೊಂದು, ದೀಪ. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮಗೆ ಗೊತ್ತಾಗದಿದ್ದರೂ ಕೆಲವು ಮಕ್ಕಳಿಗೆ ಹಿಂಸೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಕಪ್ಪು ಪಟ್ಟೆ ಓಡುವುದು ಕಾಣುತ್ತದೆ. ಬೆಳಕನ್ನು ಶೇ. 10ಕ್ಕೆ ಇಳಿಸಿದರೂ ಮಿಣುಕದ, 3000 ಕೆಲ್ವಿನ್‌ನ (ಬೆಚ್ಚನೆಯ ಹಳದಿ ಬೆಳಕಿನ) ಎಲ್‌ಇಡಿಗೆ ಹೊಂದುವ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಕೊಡುವ ಸಾಧನ) ಮತ್ತು ಡಿಮ್ಮರ್ ಜೋಡಿ ಯಾವುದಾದರೂ ಬಳಸಿದ್ದೀರಾ?

ಪಕ್ಕದ ಟಾಯ್ಲೆಟ್ಟಿನ ಹ್ಯಾಂಡ್ ಡ್ರೈಯರ್ ತೆಗೆದು ಪೇಪರ್ ಟವೆಲ್ ಇಡುವುದು ಖಚಿತವಾಗಿದೆ. ‘ನೀಲಿ ಬಣ್ಣ ಬಳಿಯಿರಿ’ ಎನ್ನುವ ಸಲಹೆ ದಯವಿಟ್ಟು ಬೇಡ. ಗೋಡೆ ಕೆಲಸದ ದರ ಗೊತ್ತಿದ್ದರೆ ಚದರಡಿ ಲೆಕ್ಕದಲ್ಲಿ ತಿಳಿಸಿ.