ಗುಲ್ಮ ಇಲ್ಲದಾಗ ರಕ್ತದ ಹರಿವಿಗೆ ಏನಾಗುತ್ತದೆ?

ಅತ್ತಿಗೆ, ಅಪಘಾತದಲ್ಲಿ ಗುಲ್ಮ (ಸ್ಪ್ಲೀನ್) ಒಡೆದು, ಅದನ್ನು ತೆಗೆಸಿಕೊಂಡು ಮನೆಗೆ ಬಂದಿರುವ ನಮ್ಮ ಹುಡುಗನ ರಕ್ತಪರೀಕ್ಷೆಯ ವರದಿಯನ್ನು ಗುಂಪಿನಲ್ಲಿ ಹಾಕಿ, ಇಲ್ಲದಿದ್ದರೂ ನಡೆಯುವ ಅಂಗವೆನ್ನುತ್ತಾರೆ, ಹಾಗಿದ್ದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಏಕೆ ಇಷ್ಟು ಏರಿದೆ ಎಂದು ಕೇಳಿದ್ದೀರಿ. ದಿನವೂ ಲ್ಯಾಬಿನಲ್ಲಿ ರಕ್ತದ ಸ್ಲೈಡುಗಳನ್ನು ನೋಡುವವಳಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಡ ಪಕ್ಕೆಲುಬುಗಳ ಮರೆಯಲ್ಲಿರುವ, ಸುಮಾರು 150 ಗ್ರಾಂ ತೂಕದ ಈ ಅಂಗದೊಳಗೆ ರಕ್ತದ ಒಂದು ಪಾಲು ನಾಳದಿಂದ ಹೊರಬಿದ್ದು, ಸ್ಪಂಜಿನಂಥ ಅಂಗಾಂಶದಲ್ಲಿ ನಿಧಾನವಾಗಿ ಸಾಗುತ್ತದೆ. ಅದು ಮತ್ತೆ ನಾಳವನ್ನು ಸೇರಬೇಕಾದರೆ ಸುಮಾರು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲದ ಸೀಳುಗಳಲ್ಲಿ ನುಸುಳಬೇಕು. ಕೆಂಪು ರಕ್ತಕಣದ ವ್ಯಾಸವೋ ಏಳೆಂಟು ಮೈಕ್ರಾನ್! ಮೆತುವಾದ ಕಣ ಮೈ ಮಡಚಿ ದಾಟಿಕೊಳ್ಳುತ್ತದೆ. ಸುಮಾರು 120 ದಿನ ಸುತ್ತಿ ಪೆಡಸಾದ ಕಣ ಅಲ್ಲಿಯೇ ಸಿಕ್ಕಿಬೀಳುತ್ತದೆ, ಮ್ಯಾಕ್ರೋಫೇಜ್ ಕೋಶಗಳು ಅದನ್ನು ನುಂಗಿ ಕಬ್ಬಿಣದ ಅಂಶವನ್ನು ಮರುಬಳಕೆಗೆ ಒದಗಿಸುತ್ತವೆ. ಕಣ ಗಟ್ಟಿಮುಟ್ಟಾಗಿದ್ದು, ಒಳಗೆ ನ್ಯೂಕ್ಲಿಯಸ್ಸಿನ (ಕೋಶಕೇಂದ್ರದ) ಚೂರೊಂದು ಉಳಿದಿದ್ದರೆ, ಗುಲ್ಮವು ಆ ಚೂರನ್ನಷ್ಟೇ ಕಿತ್ತುಕೊಂಡು ಕಣವನ್ನು ಬಿಟ್ಟುಕಳುಹಿಸುತ್ತದೆ. ಇಷ್ಟು ನಾಜೂಕಿನ ಕೆಲಸ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ವರದಿಯಲ್ಲಿರುವ 'ಹಾವೆಲ್-ಜಾಲಿ ಬಾಡಿ' ಎಂದರೆ ಕೀಳುವವರಿಲ್ಲದೆ ಉಳಿದ ಆ ಚೂರುಗಳೇ. ಸ್ಲೈಡಿನಲ್ಲಿ ಅವು ಕಣದೊಳಗೆ ದುಂಡನೆಯ ಕಡು ನೇರಳೆ ಚುಕ್ಕೆಗಳಾಗಿ ಕಾಣುತ್ತವೆ.

ಅತಿ ಸಣ್ಣ ರಕ್ತನಾಳಗಳು ಕಣಕ್ಕಿಂತಲೂ ಕಿರಿದಾಗಿರುವುದರಿಂದ, ರಕ್ತದ ಸರಾಗ ಹರಿವಿಗೆ ಕಣಗಳ ಸಂಖ್ಯೆಯಷ್ಟೇ ಅವುಗಳ ಬಾಗುವ ಗುಣವೂ ಮುಖ್ಯ. ಯಕೃತ್ತು ಈ ಶೋಧನೆಯ ಹೊಣೆಯನ್ನು ಸ್ವಲ್ಪಮಟ್ಟಿಗೆ ಹೊರುತ್ತದೆಯಾದರೂ ಅಷ್ಟು ಸೂಕ್ಷ್ಮವಾಗಿ ಆರಿಸಲಾರದು.

ಇನ್ನು ಪ್ಲೇಟ್‌ಲೆಟ್: ದೇಹದ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗುಲ್ಮದಲ್ಲಿ ತಂಗಿರುತ್ತದೆ. ಆ ತಾಣವೇ ಇಲ್ಲದಾಗ ಅವೆಲ್ಲ ರಕ್ತದಲ್ಲೇ ಸುತ್ತುವುದರಿಂದ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಎಣಿಕೆ ಏರಿ, ಸಾಮಾನ್ಯವಾಗಿ ಕ್ರಮೇಣ ಇಳಿಯುತ್ತದೆ. ಈ ಅವಧಿಯಲ್ಲಿ, ವಿಶೇಷವಾಗಿ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ನಾಳದಲ್ಲಿ, ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದಲೇ ವೈದ್ಯರು ಮತ್ತೆ ಮತ್ತೆ ಪರೀಕ್ಷೆ ಬರೆದುಕೊಡುತ್ತಿದ್ದಾರೆ. ಹೊಟ್ಟೆನೋವು ಬಂದರೆ ಗ್ಯಾಸ್ ಎಂದು ಸುಮ್ಮನಾಗಬೇಡಿ.

ರಕ್ತದಲ್ಲಿನ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳನ್ನು ಸೋಸುತ್ತಿದ್ದದ್ದೂ ಗುಲ್ಮವೇ. ಆದ್ದರಿಂದ ಹೇಳಿರುವ ಲಸಿಕೆಗಳನ್ನು ತಪ್ಪದೆ ಹಾಕಿಸಿ. ಚಳಿಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ದು, ಗುಲ್ಮ ತೆಗೆದಿರುವ ವಿಷಯವನ್ನು ಮೊದಲೇ ತಿಳಿಸಿ.